ಬಿಗಿಯಣ್ಣ ಮತ್ತು ಕೆಂಪು ಬೈಕಿನ ಬಿರುಕು

ಬಿಗಿಯಣ್ಣನನ್ನು ನಾನು ಮೊದಲು ಕಳ್ಳ ಎಂದೇ ತಿಳಿದಿದ್ದೆ. ತಪ್ಪು ನನ್ನದು, ನಿಜ. ಆದರೆ ಸಾಕ್ಷಿಯೆಲ್ಲ ಅವನ ವಿರುದ್ಧವಿತ್ತು. ಅಂಚೆ ಕಚೇರಿಯ ಮುಂದೆ ಸಾಲಾಗಿ ನಿಲ್ಲಿಸಿದ್ದ ಗಾಡಿಗಳ ನಡುವೆ ಐವತ್ತು ದಾಟಿದ ಮನುಷ್ಯನೊಬ್ಬ ಕುಕ್ಕರಗಾಲಲ್ಲಿ ಕೂತು, ಅತ್ತಿತ್ತ ನೋಡಿ, ಜೇಬಿನಿಂದ ಸ್ಪಾನರ್ ತೆಗೆದು ನಮ್ಮ ಸ್ಕೂಟರಿನ ಹೊಟ್ಟೆಯ ಕೆಳಗೆ ಕೈಹಾಕಿದರೆ ಇನ್ನೇನೆಂದು ತಿಳಿಯಬೇಕು? ನಾನು ಧೈರ್ಯಶಾಲಿಯಾದ್ದರಿಂದ ಸಾಕಷ್ಟು ದೂರ ನಿಂತು ವಾಚ್‌ಮನ್‌ನನ್ನು ಕೂಗಿದೆ. ಅವನು ಕೂತಲ್ಲಿಂದ ಏಳಲಿಲ್ಲ.

"ಅವರು ಬಿಚ್ಚೋರಲ್ಲ ಸಾರ್, ಬಿಗಿ ಮಾಡೋರು. ನಿಮ್ಮ ಸ್ಟ್ಯಾಂಡಿನ ನಟ್ಟು ಸಡಿಲ ಆಗಿರಬೇಕು. ಸುಮ್ನಿರಿ, ಮುಗಿಸ್ಲಿ."

ಸ್ಟ್ಯಾಂಡಿನ ನಟ್ಟು ನಿಜಕ್ಕೂ ಸಡಿಲವಾಗಿತ್ತು.

ಬಿಗಿಯಣ್ಣ ಎಂಬುದು ಊರವರು ಇಟ್ಟ ಹೆಸರು. ನೀರಿನ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಅವನು ಇಪ್ಪತ್ತೆಂಟು ವರ್ಷದಿಂದ ಫಿಟ್ಟರ್. ಎಲ್ಲಿ ಹೋದರೂ ಅವನ ಕೈ ಸುಮ್ಮನಿರುವುದಿಲ್ಲ. ನೆಂಟರ ಮನೆಯಲ್ಲಿ ಕಾಫಿ ಬರುವಷ್ಟರಲ್ಲಿ ಕುರ್ಚಿಯ ಕಾಲು ಅಲ್ಲಾಡಿಸಿ ನೋಡುತ್ತಾನೆ, ಲೋಟ ಖಾಲಿಯಾಗುವಷ್ಟರಲ್ಲಿ ಬಾಗಿಲಿನ ತಿರುಪು ಬಿಗಿದಿರುತ್ತಾನೆ. ಒಮ್ಮೆ ಹಲ್ಲಿನ ಡಾಕ್ಟರ ಬಳಿ ಬಾಯಿ ತೆರೆದುಕೊಂಡು ಮಲಗಿದ್ದವನು ಬಲಗೈಯನ್ನು ಮೆಲ್ಲಗೆ ಕೆಳಗಿಳಿಸಿ ಕುರ್ಚಿಯ ಬೋಲ್ಟನ್ನು ಮುಕ್ಕಾಲು ಸುತ್ತು ಬಿಗಿದುಬಿಟ್ಟ. ಆಮೇಲೆ ಆ ಕುರ್ಚಿ ಮೇಲೇಳಲಿಲ್ಲ. ಡಾಕ್ಟರು ಮಂಡಿಯೂರಿ ಹಲ್ಲು ಕಿತ್ತರು.

"ಇವರಿಗೆ ರಾತ್ರಿ ನಿದ್ದೆ ಬರಲ್ಲ ಅಂತ ಅಲ್ಲ," ಎನ್ನುತ್ತಾಳೆ ಹೆಂಡತಿ. "ನಿದ್ದೇಲೂ ಕೈ ತಿರುಗಿಸ್ತಾ ಇರ್ತಾರೆ."

ಇದಕ್ಕೆಲ್ಲ ಕಾರಣ ಮನೆಯ ಹಿಂದಿನ ಶೆಡ್ಡಿನಲ್ಲಿರುವ ಕೆಂಪು ಬೈಕು. ನಲವತ್ತು ವರ್ಷ ಹಿಂದಿನ ರೇಸಿನ ಮಾದರಿ, ಅವಳಿ ಸಿಲಿಂಡರ್, ಸವಾರ ಟ್ಯಾಂಕಿನ ಮೇಲೆ ಬೋರಲು ಬೀಳುವಷ್ಟು ತಗ್ಗಾದ ಹ್ಯಾಂಡಲ್. ಮದುವೆಯಾದ ಹೊಸತರಲ್ಲಿ ಕೊಂಡದ್ದು. ಹದಿನೆಂಟು ವರ್ಷದ ಹಿಂದೆ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ತಿರುವು ದಾಟುವಾಗ ಅವಳ ಕಾಲಡಿಯ ಫುಟ್‌ರೆಸ್ಟ್ ಚಟ್ಟನೆ ಮುರಿಯಿತು. ಅವಳು ಜಾರಿ ರಸ್ತೆಗೆ ಬಿದ್ದಳು, ಕತ್ತಿನ ಪಕ್ಕದ ಮೂಳೆ ಮುರಿಯಿತು. ಆರು ವಾರದಲ್ಲಿ ಮೂಳೆ ಕೂಡಿತು. ಬಿಗಿಯಣ್ಣ ಅಂದಿನಿಂದ ಆ ಬೈಕನ್ನು ಗಟ್ಟಿ ಮಾಡುತ್ತಲೇ ಇದ್ದಾನೆ.

ಮೊದಲು ಫುಟ್‌ರೆಸ್ಟಿನ ನಾಲ್ಕು ಮಿಲಿಮೀಟರ್ ತಗಡು ಹೋಗಿ ಎಂಟರದು ಬಂತು. ಎಂಟರ ತಗಡನ್ನು ಹಿಡಿಯುವ ಬೋಲ್ಟು ಸಣ್ಣದೆನಿಸಿತು, ದಪ್ಪದ್ದು ಬಂತು. ದಪ್ಪ ಬೋಲ್ಟಿಗೆ ಬೈಕಿನ ಎಲುಬುಗೂಡಾದ ಚಾಸಿಯಲ್ಲಿ ಅದು ಕೂರುವ ಕಿವಿ ತೆಳುವಾಯಿತು, ಕಿವಿಗೆ ಪಟ್ಟಿ ಬಿತ್ತು. ಹೀಗೆ ಒಂದು ಗಟ್ಟಿಯಾದರೆ ಅದರ ಪಕ್ಕದ್ದು ಮೆದುವಾಗಿ ಕಾಣುತ್ತ ಇಂಜಿನ್ನಿನ ಹಿಡಿಕೆ, ಮುಂದಿನ ಚಕ್ರ ಹಿಡಿಯುವ ಫೋರ್ಕು, ಸ್ಟ್ಯಾಂಡು ಎಲ್ಲದರ ಸರದಿ ಬಂದು ಹೋಯಿತು.

ಉಬ್ಬಿಸುವವರಿಗೂ ಕೊರತೆಯಿರಲಿಲ್ಲ. ಊರಿನಲ್ಲಿ ಹಳೆ ಮೋಟಾರ್ ಸೈಕಲ್ ಸಂಘವೊಂದಿದೆ. ಏಳು ಸದಸ್ಯರು, ಅವರಲ್ಲಿ ಇಬ್ಬರ ಬೈಕು ಮಾತ್ರ ಸ್ಟಾರ್ಟ್ ಆಗುತ್ತದೆ. ಅಧ್ಯಕ್ಷರದು ಆ ಎರಡರಲ್ಲಿ ಸೇರಿಲ್ಲ. ಅವರು ಶೆಡ್ಡಿಗೆ ಒಬ್ಬರೇ ಬಂದರೂ ಸಭೆಗೆ ಬಂದವರಂತೆ ಗಂಟಲು ಸರಿಮಾಡಿಕೊಂಡು, "ಇದು ಬೈಕಲ್ಲ, ಸೇತುವೆ!" ಎಂದು ಘೋಷಿಸಿದರು. ಬಿಗಿಯಣ್ಣ ನೆಲ ನೋಡುತ್ತ ನಾಚಿಕೊಂಡ. ಮಾರನೇ ದಿನವೇ ಇನ್ನೊಂದು ತಗಡು ಕತ್ತರಿಸಿದ.

ಮಗಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು, ಇಪ್ಪತ್ತೈದು ವರ್ಷ. ಎರಡು ತಿಂಗಳ ಹಿಂದೆ ಅವಳು ಊಟಕ್ಕೆ ಕೂತಾಗ ಸಲೀಸಾಗಿ ಹೇಳಿದಳು:

"ಅಪ್ಪಾ, ಬೆಟ್ಟದ ರಸ್ತೇಲಿ ಹಳೆ ಬೈಕುಗಳ ಓಟ ಇದೆಯಲ್ಲ, ಹೆಸರು ಕೊಟ್ಟುಬಿಟ್ಟೆ."

"ಯಾವ ಬೈಕಿಗೆ?"

"ಮನೇಲಿ ಎಷ್ಟಿದೆ?"

"ಇನ್ನೊಂದು ಆರು ತಿಂಗಳು ಕಾಯಿ ಪುಟ್ಟಿ. ಸ್ವಲ್ಪ ಗಟ್ಟಿ ಮಾಡಿ ಕೊಡ್ತೀನಿ."

"ನಂಗೆ ಏಳು ವರ್ಷ ಇದ್ದಾಗಿಂದ ಆರು ತಿಂಗಳೇ ನಡೀತಿದೆ."

ಹೆಂಡತಿ ನಕ್ಕುಬಿಟ್ಟಳು. ಬಿಗಿಯಣ್ಣ ತಟ್ಟೆ ಸರಿಸಿ ಬೆಟ್ಟದ ರಸ್ತೆಯನ್ನು ಲೆಕ್ಕ ಹಾಕಿದ. ಎಂಟು ಕಿಲೋಮೀಟರು, ಮೂವತ್ತೊಂದು ತಿರುವು. ಅವನಿಗೆ ಕಂಡದ್ದು ತಿರುವುಗಳಲ್ಲ, ಪ್ರತಿ ತಿರುವಿನಲ್ಲೂ ಚಟ್ಟೆನ್ನುವ ಒಂದೊಂದು ಸದ್ದು.

ಆ ವಾರವೇ ಅವನು ಸ್ವಿಂಗ್ ಆರ್ಮಿಗೆ ಕೈಹಾಕಿದ. ಹಿಂದಿನ ಚಕ್ರವನ್ನು ಎರಡೂ ಕಡೆ ಹಿಡಿದುಕೊಂಡು ಮೇಲೆ ಕೆಳಗೆ ಆಡುವ ಕವಲು ತೋಳು ಅದು. ಅದರ ಅಡಿಗೆ ಕೊಳವೆಯೊಂದನ್ನು ಕಮಾನಿನಂತೆ ಬಗ್ಗಿಸಿ ಬೆಸೆದ. ತೋಳು ಸಿಕ್ಕಿಕೊಂಡಿರುವ ಜಾಗದಲ್ಲಿ ಚಾಸಿಗೂ ಎರಡು ಕಡೆ ಚೌಕ ತಗಡು ಕೂರಿಸಿ ನಾಲ್ಕು ಅಂಚಿಗೂ ದಪ್ಪಗೆ ವೆಲ್ಡಿಂಗ್ ಎಳೆದ. ಮಗಳು ದಿನಾ ಬೆಳಗ್ಗೆ ಕಲ್ಲುಕ್ವಾರಿಯ ಹೊಂಡಬಿದ್ದ ರಸ್ತೆಯಲ್ಲಿ ಅಭ್ಯಾಸ ಮಾಡಿಬರುತ್ತಿದ್ದಳು. ಅವಳು ಮರಳಿ ಬರುವ ತನಕ ಬಿಗಿಯಣ್ಣ ಗೇಟು ಬಿಗಿದ, ಕಿಟಕಿ ಬಿಗಿದ, ಬಿಗಿಯಲು ಏನೂ ಉಳಿಯದಾದಾಗ ಗೇಟನ್ನು ಸಡಿಲ ಮಾಡಿ ಮತ್ತೆ ಬಿಗಿದ.

ಓಟಕ್ಕೆ ಮೂರೇ ದಿನವಿತ್ತು. ಗುರುವಾರ ಬೆಳಗ್ಗೆ ಬೈಕಿನಿಂದ ಇಳಿದ ಮಗಳು ಹೆಲ್ಮೆಟ್ಟನ್ನೂ ತೆಗೆಯದೆ ನಿಂತಳು.

"ಎಡಕ್ಕೆ ತಿರುಗಿದ್ರೆ ಹಿಂಭಾಗ ಬೇರೆ ದಾರಿ ಹಿಡಿತಾ ಇದೆ ಅಪ್ಪಾ."

ಬಿಗಿಯಣ್ಣ ಸೀಟು ಬಿಚ್ಚಿ ಬಣ್ಣ ಕೆರೆದ. ಕಣ್ಣಿಗೆ ಕಾಣದ ಬಿರುಕನ್ನು ಹಿಡಿಯಲು ಕಾರ್ಖಾನೆಯಲ್ಲಿ ಒಂದು ಉಪಾಯವಿದೆ. ತೆಳು ಕೆಂಪು ಬಣ್ಣ ಸವರಿ, ಒಳಗಿಳಿಯಲು ಬಿಟ್ಟು, ಚೆನ್ನಾಗಿ ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸುವುದು. ಬಿರುಕಿದ್ದರೆ ಅಲ್ಲಿ ಅಡಗಿದ ಬಣ್ಣ ಪುಡಿಗೆ ಹತ್ತಿ ಮೇಲೆ ಬರುತ್ತದೆ. ಹತ್ತು ನಿಮಿಷ ಕಾದರು. ಬಿಳಿಯ ಮೇಲೆ ಕೂದಲಿನಷ್ಟು ಸಣ್ಣ ಕೆಂಪು ಗೆರೆ ಮೂಡಿತು. ಚಾಸಿಯ ಕೊಳವೆಯನ್ನು ಅರ್ಧ ಸುತ್ತಿತ್ತು. ಅದು ಹೊರಟಿದ್ದು ಬಿಗಿಯಣ್ಣನದೇ ತಗಡಿನ ಮೂಲೆಯಿಂದ.

"ಮುಗೀತು. ಭಾನುವಾರ ಆಗಲ್ಲ," ಎಂದ ಬಿಗಿಯಣ್ಣ. ಎರಡು ತಿಂಗಳಲ್ಲಿ ಮೊದಲ ಸಲ ಅವನ ಕೈ ತಣ್ಣಗೆ ನಿಂತಿತ್ತು.

ಹೆಂಡತಿ ಬಾಗಿಲಲ್ಲಿ ನಿಂತು ಅವನ ಮುಖವನ್ನೇ ನೋಡುತ್ತಿದ್ದಳು.

"ಏನ್ರೀ, ಖುಷಿಯಾಯ್ತಾ?"

"ಏನು ಮಾತು ಅಂತ ಆಡ್ತೀಯ! ಬಿರುಕು ಬಿಟ್ಟಿದೆ ಅಂತಿದೀನಿ."

"ಅದನ್ನೇ ನಾನೂ ಕೇಳ್ತಿರೋದು. ಅವತ್ತು ಬಿದ್ದೋಳು ನಾನು. ನನ್ನ ಮೂಳೆ ಆರು ವಾರಕ್ಕೆ ಕೂಡ್ತು. ನಿಮ್ಮದೇ ಇನ್ನೂ ಕೂಡಿಲ್ಲ. ಅದಕ್ಕೆ ಈ ಹುಡುಗಿ ಯಾಕೆ ಕಟ್ಟು ಹಾಕ್ಕೊಂಡು ಕೂತಿರಬೇಕು?"

ಮಗಳು ಅಷ್ಟರಲ್ಲಿ ಅಂಗಡಿಯ ಭೂತಗನ್ನಡಿಯನ್ನು ಕಣ್ಣಿಗಿಟ್ಟು ಬಿರುಕಿನ ಹತ್ತಿರ ಮೂಗು ತಂದಿದ್ದಳು.

"ನಮ್ಮಲ್ಲಿ ಗಾಜಿಗೆ ಚೂಪು ಮೂಲೆ ಬಿಡಲ್ಲ ಅಪ್ಪಾ. ಸೀಳೋದು ಮೂಲೆಯಿಂದಲೇ. ನೀನು ಹೀಗೆ ಚೌಕ ಯಾಕೆ ಕತ್ತರಿಸ್ದೆ?"

ಕಾರ್ಖಾನೆಯಲ್ಲಿ ಹೊಸದಾಗಿ ಸೇರಿದವರಿಗೆಲ್ಲ ಇದೇ ಮಾತನ್ನು ಕಿರುಚಿ ಕಿರುಚಿ ಹೇಳಿಕೊಟ್ಟವನು ಬಿಗಿಯಣ್ಣ. ಮೂಲೆಯಲ್ಲಿ ಭಾರ ಕೂರುತ್ತದೆ. ಅಡ್ಡ ವೆಲ್ಡಿಂಗ್ ಕೊಳವೆಗೆ ಗೀರು ಹಾಕಿದ ಹಾಗೆ. ಮೇಲಾಗಿ ಸ್ವಿಂಗ್ ಆರ್ಮು ಮೊದಲು ಕೂದಲೆಳೆಯಷ್ಟು ಬಾಗಿ ಹೊಂಡದ ಏಟನ್ನು ತಾನೇ ನುಂಗುತ್ತಿತ್ತು. ಅವನು ಅದನ್ನು ಬಾಗದ ಹಾಗೆ ಮಾಡಿದ್ದ. ಏಟೆಲ್ಲ ನೇರವಾಗಿ ಚಾಸಿಗೆ ಹೋಗಿತ್ತು. ಅವನಿಗೆ ಗೊತ್ತಿಲ್ಲದ್ದು ಇದರಲ್ಲಿ ಒಂದೂ ಇರಲಿಲ್ಲ. ಹೆದರಿಕೆಯ ಕೈಗೆ ಸಿಕ್ಕಿದ್ದು ಚೌಕ ತಗಡು, ಅಷ್ಟೆ.

ಅವನು ಮಗಳ ಕಡೆ ಕೈ ಚಾಚಿ, "ಗ್ರೈಂಡರ್ ಕೊಡು," ಎಂದ.

ಕಾರ್ಖಾನೆಗೆ ಎರಡು ದಿನ ರಜೆ ಹಾಕಿದ. ತಾನೇ ಬೆಸೆದದ್ದನ್ನು ತಾನೇ ಕತ್ತರಿಸುವುದು ಹಲ್ಲು ಕೀಳಿಸಿಕೊಂಡದ್ದಕ್ಕಿಂತ ಕಷ್ಟವಾಯಿತು. ಪ್ರತಿ ತಗಡು ಬೀಳುವಾಗಲೂ, "ಇದೊಂದಿರಲಿ," ಎನ್ನುತ್ತಿದ್ದ. ಮಗಳು ಮುಂದಿನದರತ್ತ ಬೆರಳು ತೋರಿಸುತ್ತಿದ್ದಳು. ಬಿರುಕಿನ ಎರಡು ತುದಿಗೂ ಅದು ಮುಂದೆ ಓಡದಂತೆ ಸಣ್ಣ ತೂತು ಕೊರೆದ, ಗೆರೆಯನ್ನು ಉಜ್ಜಿ ಹಳ್ಳ ಮಾಡಿ ವೆಲ್ಡಿಂಗ್ ತುಂಬಿದ. ಅದರ ಮೇಲೆ ತೆಳುವಾದ ಪಟ್ಟಿಯೊಂದನ್ನು ಕೂರಿಸಿದ. ಈ ಸಲ ಪಟ್ಟಿಯ ತುದಿ ಮೀನಿನ ಬಾಲದ ಹಾಗೆ ಕವಲಾಗಿತ್ತು. ಅಡ್ಡಕ್ಕೆ ವೆಲ್ಡಿಂಗಿನ ಒಂದು ಹೊಲಿಗೆಯೂ ಇಲ್ಲ. ಸ್ವಿಂಗ್ ಆರ್ಮಿನ ಕಮಾನನ್ನು ಪೂರ್ತಿ ತೆಗೆದ. ಶನಿವಾರ ಮಧ್ಯಾಹ್ನ ಕೆಂಪು ಬಣ್ಣ, ಬಿಳಿ ಪುಡಿ ಮತ್ತೆ ಬಂದವು. ಗೆರೆ ಮೂಡಲಿಲ್ಲ. ಹೆಂಡತಿ ಕಳಚಿದ ಕಬ್ಬಿಣವನ್ನೆಲ್ಲ ಅಡುಗೆಮನೆಯ ತಕ್ಕಡಿಯಲ್ಲಿಟ್ಟು, "ಐದು ಕಿಲೋ ಆರುನೂರು ಗ್ರಾಂ. ನಾನೂ ಯಾವತ್ತೂ ಇಷ್ಟು ತೂಕ ಇಳಿಸಿಲ್ಲ," ಎಂದಳು.

ಭಾನುವಾರ ಬೆಟ್ಟದ ಬುಡದಲ್ಲಿ ಪರೀಕ್ಷಕರು ಬೈಕನ್ನು ಸುತ್ತ ನೋಡಿ, ಚಕ್ರ ಅಲ್ಲಾಡಿಸಿ, ಚೀಟಿ ಅಂಟಿಸಿದರು. ಅಧ್ಯಕ್ಷರು ಸಂಘದ ಪರವಾಗಿ ನಾಲ್ಕು ಮಾತು ಆಡಲು ಶುರುಮಾಡಿದ್ದರು. ಬಾವುಟ ಬಿದ್ದು ಮಗಳು ಹೊರಟುಬಿಟ್ಟಿದ್ದರಿಂದ ಎರಡನೆಯ ಮಾತು ಹೊಗೆಯಲ್ಲಿ ಹೋಯಿತು.

ಬಿಗಿಯಣ್ಣ ರಸ್ತೆಯ ಅಂಚಿನಲ್ಲಿ ಅತ್ತಿಂದಿತ್ತ ನಡೆದ. ಅವಳಿ ಸಿಲಿಂಡರಿನ ಸದ್ದು ಒಂದು ತಿರುವಿನ ಹಿಂದೆ ಮುಳುಗಿ ಮುಂದಿನದರಲ್ಲಿ ಏಳುತ್ತಿತ್ತು. ಅವನು ಬೆರಳು ಮಡಿಚಿ ಎಣಿಸುತ್ತಿದ್ದ. ಹತ್ತೊಂಬತ್ತನೆಯದು ದಾಟಿದ ಮೇಲೆ ಸದ್ದು ಕೇಳಲಿಲ್ಲ. ಗಾಳಿ ಆ ಕಡೆಗೆ ತಿರುಗಿರಬೇಕು ಎಂದಳು ಹೆಂಡತಿ. ಅವನು ಅವಳ ಕೈ ಹಿಡಿದುಕೊಂಡ. ಅಲ್ಲೂ ಬಿಗಿಯೇ.

"ಸ್ವಲ್ಪ ಸಡಿಲ ಬಿಡ್ರೀ. ಬೆರಳು ಬೇಕು ನಂಗೆ."

ಮುಕ್ಕಾಲು ಗಂಟೆಯ ಮೇಲೆ ಓಡಿದವರೆಲ್ಲ ಸಾಲಾಗಿ ಇಳಿದುಬಂದರು. ಹದಿನಾಲ್ಕು ಮಂದಿಯಲ್ಲಿ ಅವಳು ಹನ್ನೊಂದನೆಯವಳು. ಹೆಲ್ಮೆಟ್ ತೆಗೆದವಳ ಮುಖ ಮಾತ್ರ ಗೆದ್ದವರದೇ. "ಎಡ ತಿರುವಲ್ಲಿ ಹೇಳಿದ ಮಾತು ಕೇಳ್ತು ಅಪ್ಪಾ!" ಬಿಗಿಯಣ್ಣ ಅವಳ ಭುಜ, ಮೊಣಕೈ, ಮಣಿಕಟ್ಟನ್ನು ಒಂದೊಂದಾಗಿ ಮುಟ್ಟಿ ನೋಡಿದ. ಆಮೇಲೆ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತ.

ಅಷ್ಟರಲ್ಲಿ ಅಧ್ಯಕ್ಷರು ಬಂದು ಅವನಿಗೂ ಬೈಕಿಗೂ ನಡುವೆ ನಿಂತು, ಸಂಘದ ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದರು.

"ಹಾಗಾದರೆ, ಈ ಬೈಕು ಇನ್ನು ಯಾವ ಕಾಲಕ್ಕೂ ಮುರಿಯುವುದಿಲ್ಲ ಎಂದು ದಾಖಲೆ ಮಾಡಬಹುದಲ್ಲವೇ?"

"ಮುರಿಯತ್ತೆ ಸಾರ್," ಎಂದ ಬಿಗಿಯಣ್ಣ. "ಪಕ್ಕಕ್ಕೆ ಬನ್ನಿ, ಬೆಳಕಿಗೆ ಅಡ್ಡ ನಿಂತಿದೀರಿ."