ಯಾರ್ ಬಂದ್ರ್?

ಆಟೋದ ಹಿಂದಿನ ಸೀಟು ಎತ್ತಿ ನೀರು ಹೊಡೆಯುತ್ತಿದ್ದೆ. ಒಂದು ಚಪ್ಪಲಿ ಹೊರಗೆ ಬಿತ್ತು. ಎಡಗಾಲಿನದು ಮಾತ್ರ. ನಮ್ಮ ಶಾಲೆಯ ಮಾಷ್ಟ್ರದು.

ಐದನೇ ಕ್ಲಾಸಿನಲ್ಲಿ ಅವರು ಒಂದು ದಿನ, "ಬಸ್ರೂರು ಹಿಂದೆ ದೊಡ್ಡ ಬಂದರು" ಎಂದರು. ನಮ್ಮ ಬಾಯಲ್ಲಿ ಹಡಗು ನಿಲ್ಲುವ ಜಾಗವೂ 'ಬಂದ್ರ್', ಮನೆಗೆ ನೆಂಟರು ಬಂದರೂ 'ಬಂದ್ರ್'. ನಾನು ಎದ್ದು, "ಯಾರ್ ಬಂದ್ರ್ ಸಾರ್?" ಎಂದೆ. ಗೊತ್ತಿಲ್ಲದೆ ಕೇಳಿದ್ದು. ಬೆತ್ತದಲ್ಲಿ ಎರಡು ಬಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಕಾರಣ ಬೇರೆ, ಆದರೆ ಕೇಳಿದವರಿಗೆ ಇದನ್ನೇ ಹೇಳುತ್ತೇನೆ.

ಮೂರು ವರ್ಷದ ಹಿಂದೆ ಅವರು ಕೋಟದ ಬಸ್ಸಿಳಿದು ಕುಂದಾಪುರದಲ್ಲಿ ನನ್ನ ಆಟೋ ಹತ್ತಿದರು. ನನ್ನ ಗುರುತು ಸಿಗಲಿಲ್ಲ. ಕಣ್ಣಿಗೆ ಪೊರೆ.

"ಬಸ್ರೂರಿಗೆ ಹೋಪ. ಮೂವತ್ತ್ ವರ್ಷ ಪಾಠ ಮಾಡ್ದೆ ಮಾರಾಯ, ಆ ಬಂದ್ರ್ ಒಂದ್ ಸರ್ತಿಯೂ ಕಂಡದ್ದಿಲ್ಲ. ಅಲ್ಲಿ ಎಂತದೂ ಇಲ್ದಿರೆ ಅಷ್ಟೂ ಮಕ್ಕಳಿಗೆ ಸುಳ್ಳ್ ಹೇಳ್ದಂಗೆ ಆತ್."

ಬಸ್ರೂರಿನಲ್ಲಿ ಆಟೋ ನಿಲ್ಲಿಸಿ ನಡೆಯಬೇಕಂತೆ. ಸಿಕ್ಕಿದ ಕಲ್ಲಿಗೆಲ್ಲ ಬಗ್ಗಿದರು. ಒಂದರ ಮುಂದೆ ಕೂತು ಬೆರಳಿಟ್ಟು ಹತ್ತು ನಿಮಿಷ ಓದಿದರು. ಅದು ಕಿಲೋಮೀಟರ್ ಕಲ್ಲು. ಒಂದೇ ಕೆರೆಗೆ ಮೂರು ಸಲ ಬಂದೆವು...

ಕೊನೆಗೆ ಹೊಳೆಬದಿ. ಒಬ್ಬರು ಅಜ್ಜಿ ತೆಂಗಿನ ಮಡಲು ಹೆಣೆಯುತ್ತಿದ್ದರು. ಕಿವಿ ಅರ್ಧ ಮಂದ.

"ಹ್ವಾಯ್ ಅಮ್ಮ, ಬಂದ್ರ್ ಎಲ್ಲಿತ್ತ್?" ಮಾಷ್ಟ್ರು ಕೂಗಿದರು.

ಅಜ್ಜಿ ದಾರಿಯ ಕಡೆ ನೋಡಿದರು. "ಯಾರ್ ಬಂದ್ರ್?"

ನಾನು ನಕ್ಕುಬಿಟ್ಟೆ. ಮಾಷ್ಟ್ರು ತಿರುಗಿ ನನ್ನ ಮುಖಕ್ಕೆ ಮುಖ ತಂದರು. "ಓ... ಅದ್ ನೀನಾ?"

"ಹೌದ್ ಸಾರ್. ಅಜ್ಜಿಗೂ ಎರಡ್ ಕೊಡಿ."

ಕೆಮ್ಮು ಬರುವಷ್ಟು ನಕ್ಕರು.

ಅಜ್ಜಿಗೆ ಕಡೆಗೂ ಅರ್ಥವಾಯಿತು. "ಹಡಗ್ ನಿಲ್ತಿದ್ದ ಜಾಗವಾ? ಈ ಮೆಟ್ಲೇ ಅಂಬ್ರ್. ನಮ್ಮ್ ಅಜ್ಜಿ ಹೇಳ್ತಿದ್ರ್."

ನಾಲ್ಕು ಕೆಂಪು ಮುರಕಲ್ಲಿನ ಮೆಟ್ಟಿಲು, ಅದರಲ್ಲೊಂದರ ಮೇಲೆ ಕಾಗೆ. ಇಷ್ಟೇ ಬಂದರು. ಮಾಷ್ಟ್ರು ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು, ನನ್ನ ಹೆಗಲು ಹಿಡಿದು ನೀರಿಗಿಳಿದರು. ಕಣ್ಣಿಗೆ ಕಾಣದ್ದನ್ನು ಕಾಲಲ್ಲಿ ತಡವಿದರು.

"ಸುಳ್ಳಲ್ಲ ಮಾರಾಯ," ಎಂದರು.

ಅಷ್ಟರಲ್ಲಿ ಬಲಗಾಲಿನ ಚಪ್ಪಲಿ ಜಾರಿ ನೀರಿಗೆ ಬಿದ್ದು ಇಳಿತದಲ್ಲಿ ಹೊರಟಿತು. ನಾನು ಹಿಡಿಯಲು ಹಾರಿದೆ.

"ಬಿಡ್. ಎಷ್ಟ್ ಕಾಲ ಆದ್ಮೇಲೆ ಬಸ್ರೂರಿಂದ ಒಂದ್ ಹಡಗ್ ಹೊರಟ್ತ್ ಕಾಣ್."

ಉಳಿದ ಚಪ್ಪಲಿ ಆಟೋದಲ್ಲೇ ಬಿಟ್ಟು, ಬರಿಗಾಲಲ್ಲಿ ಕೋಟದ ಬಸ್ ಹತ್ತಿದರು.

ತೊಳೆದ ಚಪ್ಪಲಿ ಹಿಡಿದು ಮೊನ್ನೆ ಅವರ ಮನೆಗೆ ಹೋದೆ. ಒಂದು ಚಪ್ಪಲಿ ಯಾಕೆ ಬೇಕು ಎಂದು ಬೈಸಿಕೊಳ್ಳುವ ಆಸೆ. ಜಗಲಿಯ ಗೋಡೆಯಲ್ಲಿ ಅವರ ಫೋಟೋ, ಅದಕ್ಕೆ ಹಾರ. ನನಗೆ ಸುದ್ದಿಯೇ ಇರಲಿಲ್ಲ.

ಒಳಗಿಂದ ಅವರ ಹೆಂಡತಿ ಕೂಗಿದರು. "ಯಾರ್ ಬಂದ್ರ್?"

ಚಪ್ಪಲಿ ಬೆನ್ನ ಹಿಂದೆ ಅಡಗಿಸಿದೆ. ಈ ಸಲ ಹೊಡೆಯುವವರೂ ಇರಲಿಲ್ಲ.

ಚಪ್ಪಲಿ ಮತ್ತೆ ಸೀಟಿನಡಿ ಇದೆ. ಇಷ್ಟೇ. ಇನ್ನು ಹೇಳುವಂಥದ್ದು ನನ್ನ ಹತ್ತಿರ ಇಲ್ಲ.