ಎರಡು ರಾಣಿಗಳು, ಒಂದು ಹೊಲಿಗೆ ಮೆಷಿನ್ನು

ಬೆಳಿಗ್ಗೆ ಫೋನು ಟಿಣ್ಣೆಂದಿತು. ಸ್ಯಾಟಲೈಟ್ ಬಡಾವಣೆಯಲ್ಲಿರುವ ನಮ್ಮ ಸೊಸೈಟಿಯ ಲೇಡೀಸ್ ಗ್ರೂಪಿನ ಮೆಸೇಜು: ಜನ್ಮಾಷ್ಟಮಿಯ ಪೋಕರ್ ಟೂರ್ನಮೆಂಟು, ಕ್ಲಬ್ ಹೌಸಿನಲ್ಲಿ ಮಧ್ಯಾಹ್ನ ಎರಡಕ್ಕೆ, ಟೀ ಬ್ರೇಕಿನವರೆಗೆ ರೀಬೈ ಅನ್‌ಲಿಮಿಟೆಡ್. ಓದಿದ್ದೇ ತಡ, ಕಣ್ಣು ತಾನಾಗಿ ಕೋಣೆಯ ಮೂಲೆಗೆ ಹೋಯಿತು. ಅಲ್ಲಿ ಹಳೆಯ ಬೆಡ್‌ಶೀಟು ಹೊದ್ದು ಒಂದು ಹೊಲಿಗೆ ಮೆಷಿನ್ನು ಕೂತಿದೆ.

ಶ್ರಾವಣದಲ್ಲಿ ಈ ಗುಜರಾತಿ ಊರಿನವರ ಇಸ್ಪೀಟಿನ ಭಕ್ತಿಯನ್ನು ನೀವು ನೋಡಬೇಕು. ಒಂದು ಕೈಯಲ್ಲಿ ಉಪವಾಸದ ಖಿಚಡಿ, ಇನ್ನೊಂದರಲ್ಲಿ ಎಲೆ. ಮೈಸೂರಿನ ಕಾನ್ವೆಂಟಿನಲ್ಲಿ ಮಾರಲ್ ಸೈನ್ಸಿಗೆ ಪ್ರೈಜ್ ಹೊಡೆದ ನಾನು, ಗಂಡನ ಬ್ಯಾಂಕಿನ ಟ್ರಾನ್ಸ್‌ಫರಿನ ಹಿಂದೆ ಇಲ್ಲಿಗೆ ಬಂದವಳು, ಎರಡೇ ವರ್ಷದಲ್ಲಿ ಎಕ್ಸ್‌ಪರ್ಟ್ ಆದೆ. ಐನೂರು ರೂಪಾಯಿ ಕೊಟ್ಟರೆ ಒಂದು ರಾಶಿ ಬಿಲ್ಲೆ; ಎಲ್ಲ ಹೋದರೆ ಆಟದಿಂದ ಹೊರಗೆ. ಆದರೆ ಟೀ ಬರುವ ತನಕ ಮತ್ತೆ ಐನೂರು ಕೊಟ್ಟು ಹೊಸ ರಾಶಿ ಕೊಳ್ಳಬಹುದು. ಅದೇ ರೀಬೈ. ನಾನು ಕಂಡುಕೊಂಡ ಸ್ಟ್ರಾಟಜಿ ಸರಳ: ಮತ್ತೆ ಕೊಳ್ಳಬಲ್ಲವಳು ಎಂಥ ಕೆಟ್ಟ ಎಲೆಗೂ ಇದ್ದದ್ದೆಲ್ಲವನ್ನೂ ಮುಂದೆ ತಳ್ಳಬಹುದು. ಹೆದರುವುದು ಎದುರಿನವಳ ಕೆಲಸ. ಇದನ್ನು ಬುದ್ಧಿವಂತಿಕೆ ಎಂದೇ ತಿಳಿದಿದ್ದೆ.

ಸುಮಿತ್ರಾ ಧಾರವಾಡದವಳು. ರೈಲ್ವೆಯಲ್ಲಿದ್ದ ಗಂಡ ಹೋದ ಮೇಲೆ ಇದೇ ಊರಿನ ಮಣಿನಗರದ ಒಂದು ಕೋಣೆಯಲ್ಲಿದ್ದುಕೊಂಡು ನಮಗೆಲ್ಲ ಬ್ಲೌಸು ಹೊಲಿಯುತ್ತಿದ್ದಳು. ಕೆಲವು ವರ್ಷಗಳ ಹಿಂದೆ ಬಲಭಾಗಕ್ಕೆ ಲಕ್ವ ಹೊಡೆದು, ಕೈ ಸುಧಾರಿಸಿದರೂ ಕಾಲು ಪೆಡಲು ತುಳಿಯದಾಯಿತು. ಆ ಶ್ರಾವಣದ ಟೂರ್ನಮೆಂಟಿನ ಮೊದಲ ಬಹುಮಾನ ಮೋಟಾರಿನ ಹೊಲಿಗೆ ಮೆಷಿನ್ನು ಎಂದು ತಿಳಿದು, ಆಟ ಕಲಿಸಿ, ಆಟೋದಲ್ಲಿ ಕರೆತಂದವಳು ನಾನೇ.

"ಸೋತ್ರ ಏನ್ ಮಾಡೂದ್ರಿ ಅಕ್ಕಾರ? ನನ್ನ ಹತ್ರ ಇದೊಂದ ನೋಟು."

"ಒಳ್ಳೆ ಎಲೆ ಬರೋ ತನಕ ಕಾದು ಕೂತ್ಕೊಳೇ, ಅಷ್ಟೆ."

ಕಾದಳು. ಅಷ್ಟರಲ್ಲಿ ನಾನು ಮೂರು ಸಲ ಸೋತು ಮೂರು ಸಲ ಕೊಂಡಿದ್ದೆ. ಟೀ ಟ್ರೇ ಬಾಗಿಲಿಗೆ ಬಂದಾಗ ನನ್ನ ಕೈಯಲ್ಲಿ ಏಳು ಮತ್ತು ಎರಡು. ಇದಕ್ಕಿಂತ ದರಿದ್ರ ಜೋಡಿ ಪೋಕರಿನಲ್ಲಿಲ್ಲ. "ಆಲ್ ಇನ್!" ಎಂದೆ, ಅಭ್ಯಾಸಬಲದಿಂದ ರಾಶಿಯನ್ನೆಲ್ಲ ಮುಂದೆ ತಳ್ಳುತ್ತ. ಸುಮಿತ್ರಾ ನನ್ನ ಮುಖ ನೋಡಿದಳು. ತನ್ನ ರಾಶಿಯನ್ನೂ ತಳ್ಳಿ ಎರಡು ರಾಣಿಗಳನ್ನು ತೆರೆದಿಟ್ಟಳು. ಆಮೇಲೆ ಇಬ್ಬರಿಗೂ ಸೇರುವಂತೆ ಮೇಜಿನ ಮೇಲೆ ಬಿದ್ದ ಎಲೆಗಳಲ್ಲಿ ಇನ್ನೆರಡು ಏಳು. ನನ್ನ ಮೂರು ಏಳರ ಮುಂದೆ ಅವಳ ರಾಣಿಯರು ಸೋತರು.

"ಇವಳ ರೀಬೈ ನಂದು!" ಎಂದೆ, ಎಲ್ಲರಿಗೂ ಕೇಳುವಂತೆ.

"ಬ್ಯಾಡ್ರಿ ಅಕ್ಕಾರ." ಕೋಲು ತಡಕುತ್ತ ಎದ್ದಳು. "ನಿಮ್ಮ ಎಲಿಯೊಳಗ ಏನೂ ಇರ್ಲಿಲ್ಲ, ನಿಮಗೂ ಗೊತ್ತಿತ್ತು. ಆದ್ರೂ ತಳ್ಳಿದ್ರಿ."

ಮೆಷಿನ್ನು ಗೆದ್ದವಳೂ ನಾನೇ. ಮರುದಿನ ಮಣಿನಗರಕ್ಕೆ ಒಯ್ದರೆ ಬಾಗಿಲು ಅರ್ಧ ಮಾತ್ರ ತೆರೆಯಿತು. "ನೀವು ಗೆದ್ದದ್ದು ನಿಮ್ಮ ಮನ್ಯಾಗ ಇರ್ಲಿ." ಅಂಗಡಿಯಿಂದ ಮೊದಲೇ ಒಂದು ಕೊಂಡು ಕೊಡಬಹುದಿತ್ತಲ್ಲ ಎನ್ನುತ್ತೀರಿ. ಕೊಡಬಹುದಿತ್ತು. ಹೊಳೆಯಲಿಲ್ಲ. ವರ್ಷದೊಳಗೆ ಎರಡನೆಯ ಸ್ಟ್ರೋಕಿಗೆ ಅವಳು ಹೋದಳು. ಕೊನೆಕೊನೆಗೆ ಪಕ್ಕದ ಮನೆಗಳಿಗೆ ಕೂತಲ್ಲೇ ಚಪಾತಿ ಲಟ್ಟಿಸಿ ಕೊಡುತ್ತಿದ್ದಳಂತೆ. ಅದಾದ ಮೇಲೂ ನಾನು ಪ್ರತಿ ಶ್ರಾವಣ ಆಡಿದ್ದೇನೆ, ಸುಳ್ಳೇಕೆ.

ಇವತ್ತು ಗ್ರೂಪಿನ ಸೆಕ್ರೆಟರಿಗೆ ಫೋನು ಮಾಡಿದೆ. "ರೀಬೈ ತೆಗೆದುಬಿಡು ಬೇಟಾ. ಎಲ್ಲರಿಗೂ ಒಂದೇ ರಾಶಿ," ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದರೆ, "ಅರೇ ಆಂಟೀ, ಫಿರ್ ಮಜಾ ಕ್ಯಾ?" ಮತ್ತೆ ಮಜಾ ಎಲ್ಲಿ ಎಂದು ನಕ್ಕಳು.

"ಹಾಗಾದರೆ ನನ್ನ ಹೆಸರು ಹೊಡೆದು ಹಾಕು."

ಬೆಡ್‌ಶೀಟು ಸರಿಸಿದೆ. ಸೂಜಿಗೆ ತುಕ್ಕು. ಅದರಡಿ, ಅಂಗಡಿಯವನು ಪರೀಕ್ಷೆಗೆಂದು ಹೊಲಿದು ಬಿಟ್ಟ ಬಿಳಿ ಚಿಂದಿ ಇನ್ನೂ ಹಾಗೇ ಸಿಕ್ಕಿಕೊಂಡಿತ್ತು. ಎಳೆದೆ, ಬರಲಿಲ್ಲ. ಇದನ್ನು ಬಿಡಿಸುವ ಬಗೆ ಸುಮಿತ್ರಾಗೆ ಗೊತ್ತಿರುತ್ತಿತ್ತು. ನನಗೆ ಹೊಲಿಗೆ ಬರುವುದಿಲ್ಲ.