ಪೀಪಿಯ ಮುಚ್ಚಿದ ಬಾಯಿ

ನನ್ನ ತಮ್ಮ ಸುಮ್ಮನಿದ್ದಾನೆಂದರೆ ಎಲ್ಲೋ ಏನೋ ಎಡವಟ್ಟಾಗಿದೆ ಎಂದೇ ನನ್ನ ಲೆಕ್ಕ. ಶಾಲೆಯಲ್ಲಿ ಅವನನ್ನು ಪೀಪಿ ಎನ್ನುತ್ತಿದ್ದರು. ತುಟಿ ಎರಡು ಮಾಡದೆ, ಮುಂದಿನ ಹಲ್ಲುಗಳ ಸಂದಿಯಿಂದಲೇ ಸಿಳ್ಳೆ ಹೊಡೆಯುತ್ತಿದ್ದ. ಲೆಕ್ಕದ ಮೇಷ್ಟ್ರು ಬೋರ್ಡಿನ ಕಡೆ ತಿರುಗುವುದೇ ತಡ, ಸುಂಯ್! ಹಿಡಿಯೋಣವೆಂದರೆ ದೇವರಂಥ ಮುಖ. ವಾರಕ್ಕೊಮ್ಮೆ ಅಮ್ಮನಿಗೆ ಬುಲಾವ್. ಕೊನೆಗೊಂದು ದಿನ ಅವನ ಸಿಳ್ಳೆಗೆ ಪಕ್ಕದ ಹುಡುಗ ಏಟು ತಿಂದ. ಆವತ್ತೇ ಬಿಟ್ಟೆ ಎನ್ನುತ್ತಾನೆ. ಬಿಟ್ಟನಂತೆ!

ಈಗ ಅವನು ಬಡಗಿ. ನಾವಿಬ್ಬರೂ ಓದಿದ ಅದೇ ಶಾಲೆಯಲ್ಲಿ ನಾನು ಆಯಾ. ಅವನಿಗೆ ಅಲ್ಲಿ ಕೆಲಸ ಕೊಡಿಸಿದವಳೂ ನಾನೇ. "ಒಂದೇ ಒಂದು ದೂರು ಬಂದರೂ ಇಬ್ಬರೂ ಮನೆಗೆ," ಎಂದಿದ್ದರು ಹೆಡ್‌ಮೇಡಂ. ಅದಕ್ಕೇ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದೆ. ಒಂದು ವರ್ಷದಿಂದ ಅವನ ಲಕ್ಷಣವೂ ಸರಿಯಿರಲಿಲ್ಲ. ನಕ್ಕರೆ ಬಾಯಿಗೆ ಕೈ ಅಡ್ಡ. ಊಟಕ್ಕೆ ಕೂತರೆ ಗೋಡೆಯ ಕಡೆ ಮುಖ. ಯಾಕೋ ಎಂದರೆ, "ಏನಿಲ್ಲ ಬಿಡಕ್ಕ." ಏನೋ ಮಸಲತ್ತು ನಡೆಸಿದ್ದಾನೆ ಅನ್ನಿಸುತ್ತಿತ್ತು.

ಮೊನ್ನೆ ಏಳನೇ ತರಗತಿಯಲ್ಲಿ ಬಿಗಿಯಾಗಿದ್ದ ಕಿಟಕಿಯ ಅಂಚು ಹೆರೆಯುತ್ತಿದ್ದ. ಅದೇ ಲೆಕ್ಕದ ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರು. ಸುಂಯ್!

"ಪೀಪಿ!"

ಕಿವಿ ಹಿಂಡುವುದೊಂದು ಬಾಕಿ. ಪಕ್ಕದಲ್ಲೇ ಇದ್ದ ಹೆಡ್‌ಮೇಡಂ ಕೋಣೆಗೆ ಮೇಷ್ಟ್ರು ಅವನನ್ನು ಎಳೆದು ತಂದರು. ನನ್ನನ್ನೂ ಕರೆಸಿದರು.

"ನಾನಲ್ಲ ಸಾರ್," ಎಂದ ತಮ್ಮ.

"ನೀನಲ್ದೆ ನಿಮ್ಮಪ್ಪನಾ?" ಎಂದರು ಮೇಷ್ಟ್ರು.

ನನಗೆ ಮೈಯೆಲ್ಲ ಉರಿದುಹೋಯಿತು. "ತಪ್ಪಾಯ್ತು ಅನ್ನೋ! ನನ್ನ ಅನ್ನಕ್ಕೂ ಕಲ್ಲು ಹಾಕ್ಬೇಡ," ಎಂದೆ.

ಅವನು ನನ್ನನ್ನೇ ನೋಡಿದ. ಬಾಯಿಗೆ ಬೆರಳು ಹಾಕಿ, ಮುಂದಿನ ಹಲ್ಲಿನ ಸೆಟ್ಟನ್ನು ತೆಗೆದು ಮೇಡಂ ಮೇಜಿನ ಮೇಲಿಟ್ಟ.

"ಹೋದ ವರ್ಷ ಮರದ ತುಂಡು ಬಡಿದು ಹಲ್ಲು ಹೋಯ್ತು. ನೀನು ಬೈತೀಯ ಅಂತ ಹೇಳ್ಲಿಲ್ಲ. ಯಾವುದ್ರಲ್ಲಿ ಹೊಡೀಲಕ್ಕ ಸಿಳ್ಳೆ?"

ಅಷ್ಟರಲ್ಲಿ ಪಕ್ಕದ ತರಗತಿಯಿಂದ ಮತ್ತೆ ಸುಂಯ್! ಅರ್ಧ ಹೆರೆದ ಕಿಟಕಿಯ ಸಂದಿಯಲ್ಲಿ ಗಾಳಿ ನುಗ್ಗುತ್ತಿತ್ತು. ಮೇಷ್ಟ್ರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಮೇಡಂ ಹಲ್ಲಿನ ಸೆಟ್ಟನ್ನು ಸ್ಕೇಲಿನಿಂದ ಮೆಲ್ಲಗೆ ಅವನತ್ತ ತಳ್ಳಿದರು.

ಅವನು ಅದನ್ನು ಹಾಕಿಕೊಂಡು ಕಿಟಕಿ ಮುಗಿಸಲು ಹೊರಟ. ನಾನು ಹಿಂದೆಯೇ ಓಡಿದೆ. ನಾಚಿಕೆಯಿಂದ ಸಾಯುವಂತಾಗಿತ್ತು.

"ಮೇಷ್ಟ್ರು ಬಿಡು, ಅವ್ರಿಗೆ ಅಭ್ಯಾಸ," ಎಂದ. "ನಾನಲ್ಲ ಅಂದೆ ಅಲ್ವೇನಕ್ಕ?"

ಈ ಸಲ ಬಾಯಿಗೆ ಕೈ ಅಡ್ಡ ಹಿಡಿದುಕೊಂಡವಳು ನಾನು.